ಲೈವ್‌ವೆಲ್ ಏರೇಟರ್ ಪಂಪ್: ಅಳವಡಿಸುವುದು ಹೇಗೆ, ಕೈಕೊಟ್ಟಾಗ ಹುಡುಕುವುದು ಎಲ್ಲಿ

ಹಿಡಿದ ಮೀನು ದಡ ಸೇರುವವರೆಗೂ ಜೀವಂತವಾಗಿರಬೇಕೆಂದರೆ ದೋಣಿಯೊಳಗಿನ ತೊಟ್ಟಿಗೆ, ಅಂದರೆ ಲೈವ್‌ವೆಲ್‌ಗೆ, ಹೊಸ ನೀರು ಬರುತ್ತಲೇ ಇರಬೇಕು. ಮುಷ್ಟಿಗಾತ್ರದ 12 ವೋಲ್ಟಿನ ಪಂಪೊಂದು ಆ ಕೆಲಸ ಮಾಡುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಅದು ನಿಂತುಬಿಟ್ಟರೆ, ತುಂಬಿದ ತೊಟ್ಟಿಯ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಪಂಪು ಸುಟ್ಟುಹೋಗಿದೆ ಎಂದು ಬಿಚ್ಚಿ ಎಸೆಯುವ ಎಷ್ಟೋ ಪಂಪುಗಳು ನಿಜವಾಗಿ ಕೆಟ್ಟಿರುವುದಿಲ್ಲ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ವೈರಿನ ಜೋಡಣೆಯಲ್ಲಿ ತಾಮ್ರ ಹಸಿರುಗಟ್ಟಿರುತ್ತದೆ, ಇಲ್ಲವೇ ನೀರು ತಳ್ಳುವ ರೆಕ್ಕೆಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಪಾಚಿ ಸುತ್ತಿಕೊಂಡಿರುತ್ತದೆ. ಮೊದಲ ಎರಡು ತೊಂದರೆಗಳು ಶುರುವಾಗುವುದು ಪಂಪು ಕೂರಿಸಿದ ದಿನವೇ. ಹಾಗಾಗಿ ಈ ಲೇಖನದಲ್ಲಿ ರಿಪೇರಿಗಿಂತ ಮೊದಲು ಅಳವಡಿಕೆಯನ್ನೇ ನಿಧಾನವಾಗಿ ನೋಡೋಣ.

ಎಷ್ಟು ದೊಡ್ಡ ಪಂಪು ಬೇಕು

ಸಿಹಿನೀರು 10 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದಾಗ ಒಂದು ಲೀಟರಿನಲ್ಲಿ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 20 ಡಿಗ್ರಿಗೆ ಅದು 9.1ಕ್ಕೆ ಇಳಿಯುತ್ತದೆ, 30 ಡಿಗ್ರಿಗೆ ಸುಮಾರು 7.5ಕ್ಕೆ. ಉಪ್ಪುನೀರಿನಲ್ಲಿ ಇದಕ್ಕಿಂತಲೂ ಕಡಿಮೆ. ಮೀನು ಶೀತರಕ್ತದ ಜೀವಿಯಾದ್ದರಿಂದ ನೀರು ಬಿಸಿಯಾದಷ್ಟೂ ಅದರ ದೇಹ ಹೆಚ್ಚು ಆಮ್ಲಜನಕ ಕೇಳುತ್ತದೆ. ಅಂದರೆ ನೀರು ಕೊಡುವುದು ಕಡಿಮೆಯಾದಾಗಲೇ ಮೀನಿಗೆ ಬೇಕಾಗುವುದು ಹೆಚ್ಚು. ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಹೆಚ್ಚಿನ ಜಾತಿಯ ಮೀನುಗಳು ಒದ್ದಾಡತೊಡಗುತ್ತವೆ.

ಇದರ ಜೊತೆಗೆ ಅಮೋನಿಯಾ ಇದೆ. ಮೀನಿನ ಕಿವಿರುಗಳಿಂದ ಅದು ಸದಾ ಹೊರಬೀಳುತ್ತಿರುತ್ತದೆ. ಗಾಳಿಯ ಗುಳ್ಳೆ ಎಷ್ಟೇ ಹಾಯಿಸಿದರೂ ಅಮೋನಿಯಾ ಹೋಗುವುದಿಲ್ಲ, ನೀರು ಬದಲಾದರೆ ಮಾತ್ರ ಹೋಗುತ್ತದೆ. ಅದಕ್ಕೇ ಗುಳ್ಳೆ ಬಿಡುವ ಪುಟ್ಟ ಏರ್ ಪಂಪಿನ ಮೇಲೆ ಮಾತ್ರ ಭರವಸೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಅದು ಜೊತೆಗಿರಲಿ, ನೀರು ಎಳೆದು ತರುವ ಪಂಪಿನ ಬದಲಿಗೆ ಬೇಡ.

ಪಂಪಿನ ಮೇಲೆ ಬರೆದಿರುವ 500, 800 ಮುಂತಾದ ಅಂಕಿಗಳು ಗಂಟೆಗೆ ಎಷ್ಟು ಅಮೆರಿಕನ್ ಗ್ಯಾಲನ್ ಎಂಬ ಲೆಕ್ಕ. ಒಂದು ಗ್ಯಾಲನ್ ಎಂದರೆ 3.785 ಲೀಟರ್. ಹಾಗಾಗಿ 500ರ ಪಂಪು ಗಂಟೆಗೆ ಸುಮಾರು 1,890 ಲೀಟರ್, 800ರದ್ದು 3,030 ಲೀಟರ್, 1100ರದ್ದು 4,160 ಲೀಟರ್. ಆದರೆ ಈ ಅಂಕಿ ನೀರನ್ನು ಮೇಲಕ್ಕೆ ಎತ್ತಬೇಕಿಲ್ಲದ, ಪೈಪೇ ಇಲ್ಲದ ಸ್ಥಿತಿಯದು. ಪೈಪು, ಬೆಂಡು, ಜಾಲರಿ, ಎತ್ತರ ಎಲ್ಲ ಸೇರಿದ ಮೇಲೆ ಅರ್ಧದಿಂದ ಮೂರನೇ ಎರಡರಷ್ಟು ಸಿಕ್ಕರೆ ಅದೇ ಸರಿಯಾದ ನಿರೀಕ್ಷೆ. 100 ಲೀಟರಿನ ತೊಟ್ಟಿಗೆ 500ರ ಪಂಪು ಹಾಕಿ ಶೇಕಡ 60ರಷ್ಟು ನೀರು ಬಂದರೂ ನಿಮಿಷಕ್ಕೆ 19 ಲೀಟರ್ ಆಗುತ್ತದೆ. ಐದಾರು ನಿಮಿಷಕ್ಕೊಮ್ಮೆ ತೊಟ್ಟಿಯಷ್ಟು ನೀರು ಹರಿದುಹೋಗುತ್ತದೆ, ಸಾಕು. ಇನ್ನೂ ದೊಡ್ಡದಿರಲಿ ಎಂದು ಇದೇ ತೊಟ್ಟಿಗೆ 1100ರ ಪಂಪು ಹಾಕಿದರೆ ಒಳಗೆ ಸುಳಿ ಎದ್ದು, ಗಾಳಕ್ಕೆಂದು ಇಟ್ಟ ಸಣ್ಣ ಮೀನುಗಳು ಈಜಿ ಈಜಿಯೇ ಸುಸ್ತಾಗುತ್ತವೆ.

ಕೊಳ್ಳುವಾಗ ಮೋಟಾರು ಭಾಗ ತಿರುಗಿಸಿ ಬಿಚ್ಚಬಹುದಾದ, ಅಂದರೆ ಕಾರ್ಟ್ರಿಡ್ಜ್ ಮಾದರಿಯ ಪಂಪನ್ನೇ ತೆಗೆದುಕೊಳ್ಳಿ. ಮುಂದೆ ಮೋಟಾರು ಹೋದರೆ ದೋಣಿಯ ಮೈಗೆ ಅಂಟಿರುವ ತಳಭಾಗವನ್ನು ಮುಟ್ಟದೆ ಬದಲಾಯಿಸಬಹುದು.

ಪಂಪು ಕೂರುವ ಜಾಗ

ಈ ಪಂಪುಗಳೆಲ್ಲ ಸೆಂಟ್ರಿಫ್ಯೂಗಲ್ ಜಾತಿಯವು. ಇಂಪೆಲ್ಲರ್ ನೀರಿನಲ್ಲಿ ಮುಳುಗಿದ್ದರೆ ತಳ್ಳುತ್ತವೆ, ಗಾಳಿಯಲ್ಲಿದ್ದರೆ ಸುಮ್ಮನೆ ತಿರುಗುತ್ತವೆ. ನೀರನ್ನು ಕೆಳಗಿನಿಂದ ಹೀರಿ ಮೇಲೆ ತರುವ ಶಕ್ತಿ ಇವಕ್ಕಿಲ್ಲ. ಆದ್ದರಿಂದ ದೋಣಿ ನೀರಿನಲ್ಲಿ ನಿಂತಾಗ ಹೊರಗಿನ ನೀರಿನ ಮಟ್ಟ ಎಲ್ಲಿ ಬರುತ್ತದೋ ಅದಕ್ಕಿಂತ ಪಂಪು ಕೆಳಗೇ ಇರಬೇಕು. ಈ ಒಂದು ನಿಯಮ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದೂ ಪ್ರಯೋಜನವಿಲ್ಲ.

ಮಟ್ಟವನ್ನು ಅಂದಾಜಿನಲ್ಲಿ ಗುರುತಿಸಬೇಡಿ. ದೋಣಿಯನ್ನು ನೀರಿಗಿಳಿಸಿ, ಇಂಧನ ಕಡಿಮೆ ಇರುವಾಗ, ಹಿಂಬದಿಯಲ್ಲಿ ಯಾರೂ ಕೂತಿಲ್ಲದಾಗ ಹೊರಮೈಯಲ್ಲಿ ಮೇಣದ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಹಗುರವಾದ ದೋಣಿ ಮೇಲೆದ್ದು ನಿಲ್ಲುತ್ತದೆ, ಆಗಿನ ಮಟ್ಟವೇ ಅತಿ ಕೆಳಗಿನದು. ಅದಕ್ಕಿಂತಲೂ ಕೆಲವು ಅಂಗುಲ ಕೆಳಗೆ ಪಂಪಿನ ಜಾಗ.

ನೀರೊಳಬರುವ ತೂತು ದೋಣಿಯ ಹಿಂಭಾಗದಲ್ಲಿ, ನಡುಗೆರೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ದೋಣಿ ವೇಗವಾಗಿ ಓಡುವಾಗ ಮುಂಭಾಗ ಮೇಲೆದ್ದು, ನೀರಿಗೆ ಅಂಟಿಕೊಂಡಿರುವುದು ಈ ಭಾಗ ಮಾತ್ರ. ತಳದಲ್ಲಿ ಉದ್ದಕ್ಕೆ ಹೋಗುವ ಪಟ್ಟಿಗಳ ನೇರ ಹಿಂದೆ ತೂತು ಬೇಡ, ಅವು ಗುಳ್ಳೆ ಎಬ್ಬಿಸುತ್ತವೆ. ಮೀನು ಹುಡುಕುವ ಫಿಶ್ ಫೈಂಡರಿನ ಟ್ರಾನ್ಸ್‌ಡ್ಯೂಸರ್, ಅಂದರೆ ನೀರಿನೊಳಗೆ ಸದ್ದಿನ ಅಲೆ ಬಿಡುವ ಭಾಗ, ಅದರ ನೇರ ಮುಂದೆಯೂ ಬೇಡ, ಈ ತೂತಿನಿಂದ ಏಳುವ ಗುಳ್ಳೆಗಳು ಅದರ ಪರದೆಯನ್ನು ಹಾಳುಮಾಡುತ್ತವೆ.

ಇನ್ನು ಒಳಗಡೆ. ಪಂಪಿನ ಸುತ್ತ ನಿಮ್ಮ ಕೈ ಹೋಗಿ, ಮೋಟಾರನ್ನು ಹಿಡಿದು ತಿರುಗಿಸಿ, ಹೊರಗೆಳೆಯುವಷ್ಟು ಜಾಗ ಇದೆಯೇ ನೋಡಿ. ಪಂಪನ್ನು ಬರಿದೇ ಹಿಡಿದು ಆ ಜಾಗದಲ್ಲಿಟ್ಟು ಬಿಚ್ಚುವ ಅಭಿನಯ ಮಾಡಿ ನೋಡುವುದು ಒಳ್ಳೆಯದು. ಬ್ಯಾಟರಿ, ಇಂಧನ ಟ್ಯಾಂಕು, ಸ್ಟೀರಿಂಗ್ ಕೇಬಲ್ ಎಲ್ಲ ಅದೇ ಮೂಲೆಯಲ್ಲಿ ಸೇರಿಕೊಳ್ಳುತ್ತವೆ. ಕಣ್ಣಿಗೆ ಸಾಕೆನಿಸಿದ ಜಾಗ ಕೈಗೆ ಸಾಲುವುದಿಲ್ಲ.

ತೂತು ಕೊರೆಯುವುದು

ಕೆಲಸ ಶುರುಮಾಡುವ ಮೊದಲು ದೋಣಿ ಟ್ರೈಲರಿನ ಮೇಲಿರಬೇಕು, ಬ್ಯಾಟರಿಯ ನೆಗೆಟಿವ್ ಕಡೆ ಬಿಚ್ಚಿರಬೇಕು, ಪೆಟ್ರೋಲ್ ಎಂಜಿನ್ ಇದ್ದರೆ ಆ ಜಾಗದ ಮುಚ್ಚಳ ತೆರೆದು ಚೆನ್ನಾಗಿ ಗಾಳಿಯಾಡಬೇಕು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲೇ ನಿಲ್ಲುತ್ತದೆ. ಡ್ರಿಲ್ಲಿನ ಒಂದು ಕಿಡಿ ಸಾಕು. ಇದೇ ಕಾರಣಕ್ಕೆ, ಪಂಪನ್ನು ಪೆಟ್ರೋಲ್ ಟ್ಯಾಂಕ್ ಇರುವ ಮುಚ್ಚಿದ ಜಾಗದಲ್ಲಿ ಕೂರಿಸುವುದಾದರೆ ಅದು ಕಿಡಿ ಹೊರಬಿಡದ, ಅಂಥ ಜಾಗಕ್ಕೆಂದೇ ಪ್ರಮಾಣೀಕರಿಸಿದ ಮಾದರಿಯಾಗಿರಬೇಕು.

ಒಳಗಿನಿಂದ ಮೊದಲು ಸಣ್ಣ ತೂತು ಮಾಡಿ, ಹೊರಗೆ ಅದು ಎಲ್ಲಿ ಬಂತೆಂದು ನೋಡಿ. ಜಾಗ ಸರಿಯೆನಿಸಿದರೆ ಹೊರಗಡೆ ಟೇಪ್ ಅಂಟಿಸಿ, ಫಿಟ್ಟಿಂಗಿನ (ದೋಣಿಯ ಮೈಯಲ್ಲಿ ಕೂತು ನೀರನ್ನು ಒಳತರುವ ಕೊಳವೆಯ) ಕಾಂಡಕ್ಕೆ ಸರಿಹೊಂದುವ ಹೋಲ್ ಸಾ, ಅಂದರೆ ದುಂಡನೆಯ ಗರಗಸ, ಬಳಸಿ ಹೊರಗಿನಿಂದ ಕೊರೆಯಿರಿ. ಟೇಪಿನಿಂದಾಗಿ ಫೈಬರಿನ ಮೇಲ್ಪದರ ಸಿಡಿಯುವುದಿಲ್ಲ.

ಫೈಬರ್ ದೋಣಿಯಾದರೆ ಕೊರೆದ ತೂತಿನ ಅಂಚನ್ನು ಗಮನವಿಟ್ಟು ನೋಡಿ. ಎರಡು ಫೈಬರ್ ಪದರಗಳ ನಡುವೆ ಮರವೋ ಪ್ಲೈವುಡ್ಡೋ ಕಂಡರೆ ಅಲ್ಲೇ ನಿಲ್ಲಿಸಿ. ಆ ಮರಕ್ಕೆ ನೀರು ತಾಗಿದರೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಗೊತ್ತಾಗುವ ಹೊತ್ತಿಗೆ ಹಲಗೆಯೇ ಮೆತ್ತಗಾಗಿರುತ್ತದೆ. ಅಂಚಿನ ಮರವನ್ನು ಒಂದಷ್ಟು ಕೆರೆದು ತೆಗೆದು, ಆ ಸಂದಿಗೆ ಮಂದಮಾಡಿದ ಇಪಾಕ್ಸಿ ಅಂಟು ತುಂಬಿ, ಪೂರ್ತಿ ಒಣಗಿದ ಮೇಲೆ ಮತ್ತೆ ಅಳತೆಗೆ ಕೊರೆಯಿರಿ. ಇದಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ. ದಯವಿಟ್ಟು ಆ ದಿನವನ್ನು ಉಳಿಸಲು ಹೋಗಬೇಡಿ.

ಅಲ್ಯೂಮಿನಿಯಂ ದೋಣಿಗೆ ಹಿತ್ತಾಳೆ ಅಥವಾ ಕಂಚಿನ ಫಿಟ್ಟಿಂಗ್ ಬೇಡ. ನೀರಿನಲ್ಲಿ ಎರಡು ಲೋಹ ಸೇರಿದಾಗ ಅಲ್ಯೂಮಿನಿಯಮ್ಮೇ ಸವೆದುಹೋಗುತ್ತದೆ, ಉಪ್ಪುನೀರಿನಲ್ಲಂತೂ ಬೇಗ. ಬಲಪಡಿಸಿದ ನೈಲಾನ್ ಫಿಟ್ಟಿಂಗ್ ಅಲ್ಲಿಗೆ ಸರಿ.

ನೀರು ಸೋರದಂತೆ ಸಂದಿ ಮುಚ್ಚುವ ಅಂಟಿನ, ಅಂದರೆ ಸೀಲಂಟಿನ, ಆಯ್ಕೆಯಲ್ಲೂ ಎಚ್ಚರ ಬೇಕು. ನೀರಿನ ಮಟ್ಟದ ಕೆಳಗೆ ಸಿಲಿಕಾನ್ ಬಳಸಬೇಡಿ. ಪಾಲಿಸಲ್ಫೈಡ್ ಸೀಲಂಟ್ ಲೋಹಕ್ಕೆ ಒಳ್ಳೆಯದಾದರೂ ಎಬಿಎಸ್, ಪಿವಿಸಿಯಂಥ ಪ್ಲಾಸ್ಟಿಕ್ಕುಗಳನ್ನು ತಿನ್ನುತ್ತದೆ. ನೀರಡಿಗೆ ತಕ್ಕ ಪಾಲಿಯೂರಿಥೇನ್ ಅಥವಾ ಪಾಲಿಈಥರ್ ಜಾತಿಯದನ್ನು ತೆಗೆದುಕೊಳ್ಳಿ. ಪಾಲಿಯೂರಿಥೇನ್ ಒಮ್ಮೆ ಹಿಡಿದರೆ ಬಿಚ್ಚುವುದು ಬಹಳ ಕಷ್ಟ ಎಂಬುದು ನೆನಪಿರಲಿ. ಫಿಟ್ಟಿಂಗಿನ ಅಂಚಿನ ಸುತ್ತ ಧಾರಾಳವಾಗಿ ಹಚ್ಚಿ, ಹೊರಗಿನಿಂದ ತೂರಿಸಿ, ಒಳಗಿನಿಂದ ನಟ್ ಬಿಗಿಯಿರಿ. ಸುತ್ತಲೂ ಒಂದೇ ಸಮನೆ ಸೀಲಂಟ್ ಹೊರಬಂದರೆ ಕೂತಿದೆ ಎಂದರ್ಥ. ಪ್ಲಾಸ್ಟಿಕ್ ನಟ್ಟನ್ನು ಕೈಯಿಂದ ಬಿಗಿದ ಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತಿಗಿಂತ ಹೆಚ್ಚು ತಿರುಗಿಸಿದರೆ ಕಾಂಡ ಸೀಳುವ ಅಪಾಯವಿದೆ.

ಫಿಟ್ಟಿಂಗಿಗೂ ಪಂಪಿಗೂ ನಡುವೆ ಮುಚ್ಚುವ ವಾಲ್ವ್ ಇರಲೇಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವಾಲ್ವ್ ಇಲ್ಲದ ದೋಣಿಗಳು ಬೇಕಾದಷ್ಟಿವೆ. ಆದರೆ ನೀರಿನ ನಡುವೆ ಪಂಪು ಬಿಚ್ಚಬೇಕಾಗಿ ಬಂದಾಗ, ಪೈಪು ಒಡೆದಾಗ, ದೋಣಿಗೂ ಮುಳುಗಡೆಗೂ ನಡುವೆ ಇರುವುದು ಅದೊಂದೇ. ಹೊರಗೆ ಜಾಲರಿಯ ಸ್ಕೂಪ್, ಅಂದರೆ ನೀರನ್ನು ತೂತಿನೊಳಕ್ಕೆ ತಿರುಗಿಸುವ ಮುಚ್ಚಳ, ಹಾಕುವುದಾದರೆ ಅದರ ಬಾಯಿ ದೋಣಿಯ ಮುಂಭಾಗದ ಕಡೆಗಿರಲಿ. ತಿರುಗಿಸಿ ಹಾಕಿದರೆ ಓಡುವಾಗ ನೀರು ನುಗ್ಗುವ ಬದಲು ಹೊರಕ್ಕೆ ಎಳೆದುಕೊಂಡು ಹೋಗುತ್ತದೆ.

ಪೈಪು: ಏರುತ್ತಲೇ ಹೋಗಬೇಕು

ಪಂಪಿನಿಂದ ತೊಟ್ಟಿಯವರೆಗೆ ಪೈಪು ಎಲ್ಲೂ ಇಳಿಯದೆ ಏರುತ್ತಲೇ ಹೋಗಬೇಕು. ನಡುವೆ ಒಂದು ಕಡೆ ಎದ್ದು ಬಗ್ಗಿದರೂ ಆ ಉಬ್ಬಿನ ತುದಿಯಲ್ಲಿ ಗಾಳಿ ನಿಲ್ಲುತ್ತದೆ, ಅದನ್ನು ನೂಕುವಷ್ಟು ಒತ್ತಡ ಪುಟ್ಟ ಪಂಪಿಗಿರುವುದಿಲ್ಲ. ಪಂಪಿನ ಹೊರಬಾಯಿ ಕೂಡ ಅಡ್ಡಡ್ಡ ಅಥವಾ ಕೆಳಮುಖವಾಗಿರದೆ ಮೇಲ್ಮುಖವಾಗಿ ವಾಲಿರಲಿ. ಹೆಚ್ಚಿನ ಪಂಪುಗಳಲ್ಲಿ ತಲೆಭಾಗವನ್ನು ತಿರುಗಿಸಿ ಇದನ್ನು ಹೊಂದಿಸಬಹುದು.

ಪೈಪಿನ ಒಳವ್ಯಾಸ ಪಂಪಿನ ಬಾಯಿಗೆ ಸಮನಾಗಿರಲಿ, ಸಾಮಾನ್ಯವಾಗಿ 19 ಮಿ.ಮೀ. ಅಥವಾ 28 ಮಿ.ಮೀ. ಒಳಮೈ ನುಣುಪಾಗಿರುವ, ನಡುವೆ ಬಲೆ ಹೆಣೆದ ಗಟ್ಟಿ ಹೋಸ್ ಬೇಕು. ತೆಳ್ಳಗಿನ ಸುರುಳಿ ಪೈಪಿನ ಒಳಗಿನ ಮಡಿಕೆಗಳು ನೀರನ್ನು ತಡೆಯುತ್ತವೆ, ಬಿಸಿಲಿಗೆ ಬೇಗ ಸೀಳುತ್ತವೆ. ನೀರಿನ ಮಟ್ಟದ ಕೆಳಗಿರುವ ಪ್ರತಿ ಜೋಡಣೆಗೂ ಎರಡೆರಡು ಸ್ಟೇನ್‌ಲೆಸ್ ಕ್ಲಾಂಪ್, ತಿರುಪುಗಳು ಎದುರುಬದುರಾಗಿ. ಹೋಸ್ ಹತ್ತದಿದ್ದರೆ ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿ. ಎಣ್ಣೆ ಹಚ್ಚಬೇಡಿ.

ತೊಟ್ಟಿಯೊಳಗೆ ನೀರು ಬೀಳುವ ಬಾಯಿ ಅಲ್ಲಿನ ನೀರಿನ ಮಟ್ಟಕ್ಕಿಂತ ಮೇಲಿರಲಿ. ಕೆಳಗಿದ್ದರೆ ಪಂಪು ನಿಲ್ಲಿಸಿದೊಡನೆ ತೊಟ್ಟಿಯ ನೀರು ಬಂದ ದಾರಿಯಲ್ಲೇ ವಾಪಸ್ ಇಳಿಯುತ್ತದೆ. ಮೇಲಿಂದ ಸಿಂಪಡಿಸಿ ಬಿದ್ದಾಗ ಗಾಳಿಯೂ ಬೆರೆಯುತ್ತದೆ.

ಹೆಚ್ಚಾದ ನೀರು ಹೊರಹೋಗುವ ಪೈಪಿನ ಬಗ್ಗೆ ಯಾರೂ ಅಷ್ಟಾಗಿ ಯೋಚಿಸುವುದಿಲ್ಲ. ಒಳಗೆ ಬರುವ ನೀರು ಪಂಪಿನ ಒತ್ತಡದಿಂದ ಬರುತ್ತದೆ, ಹೊರಹೋಗುವುದು ತನ್ನ ಭಾರದಿಂದ ಮಾತ್ರ. ಎರಡೂ ಒಂದೇ ಗಾತ್ರದವಾದರೆ ತೊಟ್ಟಿ ತುಂಬಿ ಚೆಲ್ಲಿ, ನೀರು ದೋಣಿಯ ತಳ ಸೇರುತ್ತದೆ. ಒಳಬಾಯಿ 19 ಮಿ.ಮೀ. ಇದ್ದರೆ ಹೊರಬಾಯಿ ಕನಿಷ್ಠ 28 ಮಿ.ಮೀ. ಇರಲಿ, 38 ಇದ್ದರೆ ಇನ್ನೂ ನೆಮ್ಮದಿ. ಅದಕ್ಕೊಂದು ಜಾಲರಿ ಬೇಕು, ಇಲ್ಲವಾದರೆ ಸಣ್ಣ ಮೀನು ಬಾಲದ ಕಡೆಯಿಂದ ಎಳೆದುಕೊಂಡು ಹೋಗಿ ಸಿಕ್ಕಿಬೀಳುತ್ತದೆ. ಹೊರಬಾಯಿ ದೋಣಿಯ ಮೈಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ ತೆರೆಯಬೇಕು.

ವೈರಿಂಗ್

500ರಿಂದ 800ರ ಪಂಪುಗಳು ಸಾಮಾನ್ಯವಾಗಿ 2ರಿಂದ 4 ಆಂಪ್ ಎಳೆಯುತ್ತವೆ. ಅಷ್ಟೇ ತಾನೆ ಎಂದು ತೆಳ್ಳಗಿನ ವೈರ್ ಎಳೆದುಬಿಡುವುದೇ ಮುಂದಿನ ಗೋಳಿಗೆ ಮೂಲ. ಲೆಕ್ಕ ನೋಡಿ: ಬ್ಯಾಟರಿಯಿಂದ ಪಂಪಿಗೆ 5 ಮೀಟರ್ ದೂರ, ಹೋಗಿಬರುವ ವೈರ್ 10 ಮೀಟರ್, ಪಂಪು ಎಳೆಯುವುದು 3 ಆಂಪ್. ವೈರ್ 0.75 ಚದರ ಮಿ.ಮೀ. ಆದರೆ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 1.5 ಆದರೆ ಸುಮಾರು 0.36 ವೋಲ್ಟ್, 2.5 ಆದರೆ 0.22 ಮಾತ್ರ. ವೋಲ್ಟೇಜು ಕಡಿಮೆಯಾದರೆ ವೇಗ ಇಳಿಯುತ್ತದೆ. ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರನ್ನು ಎತ್ತುವ ಎತ್ತರ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ವೇಗ ಶೇಕಡ 10 ತಗ್ಗಿದರೆ ಎತ್ತುವ ಶಕ್ತಿ ಶೇಕಡ 19 ತಗ್ಗುತ್ತದೆ. 2.5 ಚದರ ಮಿ.ಮೀ. ಹಾಕಿಬಿಡಿ. ತವರ ಲೇಪಿಸಿದ ತಾಮ್ರದ ಮೆರೀನ್ ವೈರ್ ಆದರೆ ತೇವಕ್ಕೆ ಬೇಗ ಕಪ್ಪಾಗುವುದಿಲ್ಲ.

ಪಾಸಿಟಿವ್ ವೈರಿನಲ್ಲಿ, ಬ್ಯಾಟರಿಯಿಂದ 18 ಸೆಂ.ಮೀ. ಒಳಗೇ ಫ್ಯೂಸ್ ಬರಲಿ. ಫ್ಯೂಸ್ ಇರುವುದು ವೈರಿಗೆ ಬೆಂಕಿ ಹತ್ತದಿರಲೆಂದು. ಅದು ಪಂಪಿನ ಪಕ್ಕದಲ್ಲಿದ್ದರೆ ನಡುವಿನ ಅಷ್ಟೂ ವೈರ್ ರಕ್ಷಣೆಯಿಲ್ಲದೆ ಉಳಿಯುತ್ತದೆ. ಎಷ್ಟು ಆಂಪ್ ಎಂಬುದು ಪಂಪಿನ ಲೇಬಲ್ಲಿನಲ್ಲೇ ಇರುತ್ತದೆ, ಅದಕ್ಕಿಂತ ದೊಡ್ಡದು ಹಾಕಬಾರದು. ಸ್ವಿಚ್ಚೂ ಪಾಸಿಟಿವ್ ಕಡೆಯೇ ಇರಲಿ. ಅನೇಕ ಪಂಪುಗಳಲ್ಲಿ ಕಂದು ವೈರ್ ಪಾಸಿಟಿವ್, ಕಪ್ಪು ನೆಗೆಟಿವ್. ಆದರೂ ಜೊತೆಗೆ ಬಂದ ಚೀಟಿ ಓದಿಯೇ ಜೋಡಿಸಿ.

ಜೋಡಣೆಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ ಬಿಡಬೇಡಿ. ಒಳಗೆ ಅಂಟು ಸವರಿರುವ, ಬಿಸಿಗೆ ಕುಗ್ಗುವ ಕನೆಕ್ಟರ್ ತೆಗೆದುಕೊಂಡು, ಸರಿಯಾದ ಕ್ರಿಂಪರಿನಿಂದ ಒತ್ತಿ, ಹಿಡಿದು ಬಲವಾಗಿ ಜಗ್ಗಿ ನೋಡಿ. ಬರಲಿಲ್ಲವೆಂದರೆ ಬಿಸಿಮಾಡಿ, ತುದಿಗಳಲ್ಲಿ ಅಂಟು ಹೊರಬರುವವರೆಗೆ. ಜೋಡಣೆ ದೋಣಿಯ ತಳದ ನೀರಿನಿಂದ ಮೇಲೆ ಇರಲಿ. ಜೋಡಣೆಗೆ ಸ್ವಲ್ಪ ಮುಂಚೆ ವೈರ್ ಕೆಳಗೆ ಬಾಗಿ ಮತ್ತೆ ಮೇಲೇರಲಿ, ವೈರಿನ ಗುಂಟ ಇಳಿದ ಹನಿ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ.

ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಗೇ ಪಂಪು ಜೋಡಿಸದಿರುವುದು ಉತ್ತಮ. 3 ಆಂಪಿನ ಪಂಪು 8 ಗಂಟೆ ಓಡಿದರೆ 24 ಆಂಪ್-ಅವರ್ ಖರ್ಚು. 60 ಆಂಪ್-ಅವರಿನ ಲೆಡ್-ಆಸಿಡ್ ಬ್ಯಾಟರಿಯಲ್ಲಿ ನೆಮ್ಮದಿಯಾಗಿ ಬಳಸಬಹುದಾದ್ದು ಅರ್ಧದಷ್ಟು ಮಾತ್ರ. ಬೇರೆ ಬ್ಯಾಟರಿಗೆ ಜಾಗವಿಲ್ಲದಿದ್ದರೆ ಬಿಟ್ಟುಬಿಟ್ಟು ಓಡಿಸುವ ಟೈಮರ್ ಹಾಕಿಸಿ, ಬಿಸಿಲಿನಲ್ಲಿ ಮಾತ್ರ ನಿರಂತರವಾಗಿ ಓಡಿಸಿ.

ಮೊದಲ ಸಲ ನೀರಿಗಿಳಿಸಿದಾಗ

ಸೀಲಂಟ್ ಡಬ್ಬಿಯ ಮೇಲೆ ಬರೆದಷ್ಟು ಸಮಯ ಪೂರ್ತಿ ಒಣಗಲಿ. ದೋಣಿ ಇಳಿಸಿದಾಗ ಟ್ರೈಲರಿನಿಂದ ಪೂರ್ತಿ ಬಿಡಿಸುವ ಮೊದಲೇ ವಾಲ್ವ್ ತೆರೆದು, ಒಣಬಟ್ಟೆಯಿಂದ ಪ್ರತಿ ಜೋಡಣೆಯ ಕೆಳಗೆ ಒರೆಸಿ ನೋಡಿ. ಕಣ್ಣಿಗೆ ಕಾಣದ ತೇವ ಬಟ್ಟೆಗೆ ಗೊತ್ತಾಗುತ್ತದೆ. ಆಮೇಲೆ ಪಂಪು ಹಾಕಿ.

ಈಗ ಒಂದು ಕೆಲಸ ಮಾಡಿಡಿ, ಮುಂದೆ ಬಹಳ ಉಪಕಾರಕ್ಕೆ ಬರುತ್ತದೆ. ಅಳತೆ ಗೊತ್ತಿರುವ ಬಕೆಟ್ಟಿಗೆ ಪಂಪಿನ ನೀರು ಹಿಡಿದು ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ನೋಡಿ. ಪಂಪು ಓಡುತ್ತಿರುವಾಗಲೇ ಅದರ ಎರಡು ವೈರುಗಳ ನಡುವಿನ ವೋಲ್ಟೇಜ್ ಅಳೆಯಿರಿ. ಎರಡೂ ಅಂಕಿಗಳನ್ನು ತಾರೀಖಿನ ಸಮೇತ ತೊಟ್ಟಿಯ ಮುಚ್ಚಳದ ಒಳಮೈಯಲ್ಲಿ ಅಳಿಸದ ಮಾರ್ಕರಿನಿಂದ ಬರೆದಿಡಿ. ಮುಂದಿನ ವರ್ಷ ನೀರು ಯಾಕೋ ಕಡಿಮೆ ಅನಿಸಿದಾಗ ಅನುಮಾನದಲ್ಲಿ ಒದ್ದಾಡಬೇಕಿಲ್ಲ, ಮತ್ತೆ ಅಳೆದು ಹೋಲಿಸಿದರಾಯಿತು.

ಕೈಕೊಟ್ಟಾಗ: ಮೊದಲು ಕಿವಿಗೊಡಿ

ಸ್ವಿಚ್ ಹಾಕಿ ಪಂಪಿನ ಹತ್ತಿರ ಕಿವಿಯಿಡಿ, ಇಲ್ಲವೇ ಅದರ ಮೇಲೆ ಕೈಯಿಡಿ. ಸದ್ದು ಇದೆಯೋ ಇಲ್ಲವೋ ಎಂಬುದರ ಮೇಲೆ ಮುಂದಿನ ದಾರಿ ಬೇರೆಯಾಗುತ್ತದೆ.

ಸದ್ದಿದೆ, ನೀರಿಲ್ಲ. ಸದ್ದು ಎಂದಿಗಿಂತ ಚುರುಕಾಗಿ, ಹಗುರವಾಗಿ ಕೇಳಿದರೆ ಪಂಪಿನಲ್ಲಿ ಗಾಳಿ ಸಿಕ್ಕಿದೆ. ವಾಲ್ವ್ ತೆರೆದಿದೆಯೇ ನೋಡಿ, ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ. ತೆರೆದಿದ್ದರೆ ಪಂಪು ಓಡುತ್ತಿರುವಾಗ, ತೂತು ಹಿಂಬದಿಯ ಹಲಗೆಯಲ್ಲಿದ್ದರೆ ಒಂದು ಕ್ಷಣ ರಿವರ್ಸ್ ಕೊಡಿ. ತಳದಲ್ಲಿ ಮುಂದಕ್ಕೆ ಬಾಯಿ ಇರುವ ಸ್ಕೂಪ್ ಆದರೆ ನಿಧಾನವಾಗಿ ಮುಂದಕ್ಕೆ ಹೋಗಿ. ನೀರಿನ ಒತ್ತಡಕ್ಕೆ ಗಾಳಿ ಹೊರಟುಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಪಂಪು ನಿಲ್ಲಿಸಿ, ತೊಟ್ಟಿಯೊಳಗಿನ ಸಿಂಪಡಿಕೆಯ ಬಾಯಿಗೆ ಹೋಸ್ ಒತ್ತಿಹಿಡಿದು ನೀರನ್ನು ಹಿಮ್ಮುಖವಾಗಿ ಬಿಡಿ. ಗಾಳಿಯ ಜೊತೆ ಜಾಲರಿಗೆ ಅಂಟಿದ ಪಾಚಿಯೂ ಹೊರಗೆ ಹೋಗುತ್ತದೆ. ಪ್ರತಿ ಸಲ ನೀರಿಗಿಳಿಸಿದಾಗಲೂ ಗಾಳಿ ಸಿಕ್ಕಿಕೊಳ್ಳುತ್ತಿದ್ದರೆ ಪೈಪಿನಲ್ಲಿ ಎಲ್ಲೋ ಉಬ್ಬು ಇದೆ ಅಥವಾ ಪಂಪಿನ ಬಾಯಿ ತಗ್ಗಿದೆ. ಅದನ್ನು ಸರಿಮಾಡಿ.

ಸದ್ದು ಭಾರವಾಗಿ, ಗೊರಗೊರ ಎಂದು ಕೇಳಿದರೆ ಇಂಪೆಲ್ಲರಿಗೆ ಏನೋ ಸಿಕ್ಕಿದೆ. ಸ್ವಿಚ್ ಆರಿಸಿ, ವಾಲ್ವ್ ಮುಚ್ಚಿ. ವಾಲ್ವ್ ಇಲ್ಲದ ದೋಣಿಯಾದರೆ ದಡಕ್ಕೆ ತಂದು ಟ್ರೈಲರ್ ಹತ್ತಿಸಿಯೇ ಬಿಚ್ಚಿ. ಪಕ್ಕದ ಗುಬುಟು ಒತ್ತಿ, ಮೋಟಾರನ್ನು ತಿರುಗಿಸಿ ಎಳೆದರೆ ಕೈಗೆ ಬರುತ್ತದೆ. ಇಂಪೆಲ್ಲರಿನ ರೆಕ್ಕೆಗಳ ನಡುವೆ ಕಾಣುವ ಕಸ ತೆಗೆದರೆ ಸಾಲದು. ಅದರ ಹಿಂಬದಿಯಲ್ಲಿ, ಶಾಫ್ಟ್ ಮೋಟಾರಿನೊಳಗೆ ಹೋಗುವ ಜಾಗದಲ್ಲಿ ಬೆಳಕು ಬಿಟ್ಟು ನೋಡಿ. ಗಾಳದ ನೈಲಾನ್ ದಾರ ಅಲ್ಲಿ ಕೂದಲೆಳೆಯ ಹಾಗೆ ಸುತ್ತಿಕೊಂಡಿರುತ್ತದೆ. ಪಾರದರ್ಶಕವಾದ್ದರಿಂದ ಕಣ್ಣು ತಪ್ಪಿಸುತ್ತದೆ, ಬಿಟ್ಟರೆ ಸೀಲನ್ನೇ ಕೊಯ್ದು ಮೋಟಾರಿಗೆ ನೀರು ಇಳಿಸುತ್ತದೆ. ಚಿಮಟದಿಂದ ಎಳೆಎಳೆಯಾಗಿ ತೆಗೆಯಿರಿ. ಮತ್ತೆ ಕೂರಿಸುವ ಮೊದಲು ರಬ್ಬರ್ ಓ-ರಿಂಗಿಗೆ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಪೆಟ್ರೋಲಿಯಂ ಜೆಲ್ಲಿ ಕೆಲವು ರಬ್ಬರುಗಳನ್ನು ಉಬ್ಬಿಸುತ್ತದೆ.

ಸದ್ದೇ ಇಲ್ಲ. ಫ್ಯೂಸ್ ನೋಡಿ, ಬರಿಗಣ್ಣಿಗೆ ಸರಿ ಕಂಡರೂ ಮೀಟರಿನಲ್ಲಿ ಪರೀಕ್ಷಿಸಿ. ಫ್ಯೂಸ್ ಸರಿಯಿದ್ದರೆ ಪಂಪಿನ ಜೋಡಣೆಯಲ್ಲಿ ವೋಲ್ಟೇಜ್ ಅಳೆಯಿರಿ. 12ರ ಆಸುಪಾಸು ಬರುತ್ತಿದ್ದೂ ಪಂಪು ತಿರುಗದಿದ್ದರೆ, ಮೊದಲು ಕಸ ಸಿಕ್ಕಿದೆಯೇ ನೋಡಿ. ಇಲ್ಲವೆಂದರೆ ಮೋಟಾರು ಹೋಗಿದೆ. ವೋಲ್ಟೇಜೇ ಬರುತ್ತಿಲ್ಲವೆಂದರೆ ತಪ್ಪು ಸ್ವಿಚ್, ಟೈಮರ್ ಅಥವಾ ವೈರಿನದು. ಟೈಮರನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಫ್ಯೂಸ್ ಇರುವ ಒಂದು ತುಂಡು ವೈರಿನಿಂದ ನೇರ ಜೋಡಿಸಿ ನೋಡಿದರೆ ತಿಳಿಯುತ್ತದೆ. ಪಂಪನ್ನು ಒಣಗಿದ್ದಾಗ ಕೆಲವು ಸೆಕೆಂಡುಗಳಿಗಿಂತ ಹೆಚ್ಚು ತಿರುಗಿಸಬೇಡಿ, ಅದರ ಸೀಲಿಗೆ ತಂಪು ನೀಡುವುದು ನೀರೇ.

ನೀರು ಬರುತ್ತಿದೆ, ಆದರೆ ಸಣ್ಣಗೆ. ಹೊಸದಾಗಿ ಜೋಡಿಸಿದ ಪಂಪಾದರೆ ಮೊದಲ ಅನುಮಾನ ವೈರ್ ಅದಲುಬದಲಾದದ್ದರ ಮೇಲೆ. ಇಂಥ ಮೋಟಾರು ಹಿಮ್ಮುಖವಾಗಿ ತಿರುಗಿದರೂ ಪಂಪು ಸ್ವಲ್ಪ ನೀರು ಕೊಡುತ್ತಲೇ ಇರುತ್ತದೆ, ಹಾಗಾಗಿ ಪಂಪೇ ಕಳಪೆ ಅನಿಸುತ್ತದೆ. ಹಳೆಯ ಪಂಪಾದರೆ ಜಾಲರಿ, ಸಿಂಪಡಿಕೆಯ ತೂತುಗಳಲ್ಲಿ ಕಟ್ಟಿದ ಸುಣ್ಣ, ಮಡಿಚಿದ ಪೈಪು ನೋಡಿ.

ಅದೆಲ್ಲ ಸರಿಯಿದ್ದರೆ ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಇದನ್ನು ಕಲಿತರೆ ದೋಣಿಯ ಯಾವ ವೈರಿಂಗ್ ತೊಂದರೆಯನ್ನೂ ಹಿಡಿಯಬಹುದು. ಪಂಪು ಓಡುತ್ತಿರಬೇಕು, ಕರೆಂಟು ಹರಿಯದಿದ್ದರೆ ಸೋರಿಕೆ ಕಾಣುವುದಿಲ್ಲ. ಬ್ಯಾಟರಿಯ ಮೇಲೆ 12.5 ವೋಲ್ಟ್, ಪಂಪಿನ ಬಳಿ 10.6 ಬಂತು ಎಂದುಕೊಳ್ಳಿ. 1.9 ವೋಲ್ಟ್ ದಾರಿಯಲ್ಲಿ ಕಳೆದಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪಾಸಿಟಿವ್ ಮೇಲೆ, ಇನ್ನೊಂದನ್ನು ಪಂಪಿನ ಪಾಸಿಟಿವ್ ವೈರಿನ ಮೇಲೆ ಇಡಿ. 0.3 ತೋರಿಸಿತೆಂದರೆ ಆ ಕಡೆ ಪರವಾಗಿಲ್ಲ. ಈಗ ಬ್ಯಾಟರಿಯ ನೆಗೆಟಿವ್‌ನಿಂದ ಪಂಪಿನ ನೆಗೆಟಿವ್‌ಗೆ ಹಿಡಿಯಿರಿ, 1.6 ಬರುತ್ತದೆ. ತಪ್ಪು ನೆಗೆಟಿವ್ ದಾರಿಯಲ್ಲಿದೆ. ಬ್ಯಾಟರಿಯ ಕಡ್ಡಿಯನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಪಂಪಿನಿಂದ ಬ್ಯಾಟರಿಯ ಕಡೆಗೆ ಒಂದೊಂದೇ ಜೋಡಣೆ ದಾಟಿಸುತ್ತ ಬನ್ನಿ. ಯಾವ ಜೋಡಣೆ ದಾಟಿದೊಡನೆ ಅಂಕಿ ಕುಸಿಯುತ್ತದೋ ಅದೇ ಹಾಳಾದದ್ದು. ಬಿಚ್ಚಿದರೆ ಒಳಗೆ ಹಸಿರು ಪುಡಿ ಸಿಗುತ್ತದೆ. ವೈರನ್ನು ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸಿ ಹೊಸ ಜೋಡಣೆ ಮಾಡಿ.

ಫ್ಯೂಸ್ ಮೇಲಿಂದ ಮೇಲೆ ಹಾರುತ್ತಿದ್ದರೆ ಪಂಪನ್ನು ವೈರಿನಿಂದ ಬೇರ್ಪಡಿಸಿ ಸ್ವಿಚ್ ಹಾಕಿ. ಆಗಲೂ ಹಾರಿದರೆ ವೈರ್ ಎಲ್ಲೋ ಉಜ್ಜಿ ಶಾರ್ಟ್ ಆಗಿದೆ. ಹಾರದಿದ್ದರೆ ಇಂಪೆಲ್ಲರ್ ಸಿಕ್ಕಿಹಾಕಿಕೊಂಡಿದೆ ಅಥವಾ ಮೋಟಾರಿಗೆ ನೀರಿಳಿದಿದೆ.

ನಿಂತಾಗ ಸರಿಯಾಗಿದ್ದು ಓಡುವಾಗ ನಿಲ್ಲುವ ಪಂಪಿನಲ್ಲಿ ತಪ್ಪು ಪಂಪಿನದಲ್ಲ, ತೂತಿನ ಜಾಗದ್ದು. ಜಾಲರಿಯನ್ನು ಮುಂದೆ ಚಾಚಿದ ಸ್ಕೂಪಿಗೆ ಬದಲಾಯಿಸಿದರೆ ಬಹಳಷ್ಟು ಸರಿಹೋಗುತ್ತದೆ.

ಪಂಪು ಸರಿಯಿದೆ, ಮೀನು ಸಾಯುತ್ತಿದೆ

ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಇದನ್ನು ನೋಡಿದಾಗ. ತೊಟ್ಟಿಯಲ್ಲಿ ಮೀನಿನ ಸಂಖ್ಯೆ ಹೆಚ್ಚಾಗಿರಬಹುದು, ಅಥವಾ ಹೊರಗಿನ ನೀರೇ ಬಿಸಿಯಾಗಿ, ಆಮ್ಲಜನಕ ಕಡಿಮೆಯಾಗಿರಬಹುದು. ಆಳವಿಲ್ಲದ, ಪಾಚಿ ತುಂಬಿದ ಜಾಗದಲ್ಲಿ ನಿಂತು ನೀರು ಎಳೆಯುತ್ತಿದ್ದರೆ ಸ್ವಲ್ಪ ಆಳದ ಕಡೆಗೆ ಹೋಗಿ ತೊಟ್ಟಿ ತುಂಬಿಕೊಳ್ಳಿ. ನಂತರ ಒಳಗಿನ ನೀರನ್ನೇ ಸುತ್ತಿಸುವ ರೀಸರ್ಕ್ಯುಲೇಷನ್ ವ್ಯವಸ್ಥೆ ಇದ್ದರೆ ಅದನ್ನು ಹಾಕಿ, ಗಂಟೆಗೊಮ್ಮೆಯಾದರೂ ಒಳ್ಳೆಯ ನೀರು ಸಿಗುವಲ್ಲಿ ಒಂದು ಭಾಗ ಬದಲಾಯಿಸಿ. ಅಮೋನಿಯಾದ ಮಾತು ಮರೆಯಬೇಡಿ.

ತಂಪು ಮಾಡಬೇಕಾದರೆ ಮುಚ್ಚಿದ ಬಾಟಲಿಯಲ್ಲಿ ಹೆಪ್ಪುಗಟ್ಟಿಸಿದ ನೀರು ತೇಲಿಬಿಡಿ. ಬಿಡಿ ಐಸ್ ಬೇಡ, ನಲ್ಲಿ ನೀರಿನಿಂದ ಮಾಡಿದ್ದಾದರೆ ಅದರಲ್ಲಿರುವ ಕ್ಲೋರಿನ್ ಕಿವಿರುಗಳನ್ನು ಸುಡುತ್ತದೆ. ಹೊರಗಿನ ನೀರಿಗಿಂತ 5 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ತಣ್ಣಗಾಗುವುದೂ ಬೇಡ, ಮತ್ತೆ ಹೊರಗೆ ಬಿಡುವಾಗ ಮೀನಿಗೆ ಆಘಾತವಾಗುತ್ತದೆ.

ದಡಕ್ಕೆ ಬಂದ ಮೇಲೆ

ಆ ನೀರಿನಿಂದ ಹೊರಡುವ ಮೊದಲೇ, ಅಲ್ಲೇ, ತೊಟ್ಟಿ, ಪಂಪು, ಪೈಪು ಎಲ್ಲವನ್ನೂ ಪೂರ್ತಿ ಬರಿದುಮಾಡಿ. ಝೀಬ್ರಾ ಮಸೆಲ್ ಎಂಬ ಚಿಪ್ಪುಜೀವಿಯ ಮರಿಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ತೊಟ್ಟಿಯ ತಳದಲ್ಲಿ ಉಳಿದ ನೀರಿನಲ್ಲೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗಿ ನೆಲೆಯೂರುತ್ತವೆ. ಅನೇಕ ಕಡೆ ಬರಿದುಮಾಡದೆ ದೋಣಿ ಸಾಗಿಸುವುದು ಕಾನೂನಿಗೆ ವಿರುದ್ಧವೂ ಹೌದು. ಉಪ್ಪುನೀರಿನಲ್ಲಿ ಹೋಗಿದ್ದರೆ ಸಿಹಿನೀರು ಹಾಯಿಸಿ ಪಂಪನ್ನು ಒಂದೆರಡು ನಿಮಿಷ ಓಡಿಸಿ. ಹಿಮ ಬೀಳುವ ಪ್ರದೇಶದಲ್ಲಿ ಚಳಿಗಾಲಕ್ಕೆ ಮುಂಚೆ ಕಾರ್ಟ್ರಿಡ್ಜ್ ಬಿಚ್ಚಿ ಒಳಗಿಡಿ, ಉಳಿದ ಹನಿ ನೀರು ಹೆಪ್ಪುಗಟ್ಟಿ ತಲೆಭಾಗವನ್ನು ಸೀಳುತ್ತದೆ.

ದೋಣಿಯಲ್ಲಿ ಅದೇ ಮಾದರಿಯ ಒಂದು ಹೆಚ್ಚುವರಿ ಕಾರ್ಟ್ರಿಡ್ಜ್, ಎರಡು ಫ್ಯೂಸು, ಒಂದು ಓ-ರಿಂಗು, ಚಿಮಟ, ಸಣ್ಣ ಮಲ್ಟಿಮೀಟರ್ ಇರುವ ಗಾಳಿಯಾಡದ ಡಬ್ಬಿಯೊಂದಿರಲಿ. ಬೇರೆ ಕಂಪನಿಯದಿರಲಿ, ಒಂದೇ ಕಂಪನಿಯ ಬೇರೆ ಸಾಲಿನ ಕಾರ್ಟ್ರಿಡ್ಜ್ ಕೂಡ ನಿಮ್ಮ ತಳಭಾಗಕ್ಕೆ ಕೂರದಿರಬಹುದು. ಕೊಂಡ ದಿನವೇ ಒಮ್ಮೆ ಹಾಕಿ ತೆಗೆದು ನೋಡಿ, ಆಮೇಲೆ ಡಬ್ಬಿಗೆ ಸೇರಿಸಿ.